ಪೂರಿಟಾ ಒಬ್ಬಳೇ ಕಡಲಿಗೆ ಹೊರಟಿದ್ದು

ಬಾಸ್ಯಾಂಗಳ ಮೂಲೆಯಂಗಡಿಗೆ ಪೂರಿಟಾ ಹೋಗಿದ್ದು ಬರೀ ನಾಲ್ಕು ಶಾಂಪೂ ಪ್ಯಾಕೆಟ್ಟಿಗೆ. ತೆಗೆದುಕೊಂಡು ಸುಮ್ಮನೆ ಬಂದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ.

"ಒಟ್ಟಿಗೆ ನಾಲ್ಕು ಯಾಕೇ? ಎಲ್ಲಿಗಾದ್ರೂ ಹೊರಟ್ಯಾ?"

"ಕಡಲಿಗೆ, ಅಕ್ಕ. ಐದು ದಿನ."

"ಯಾರ ಜೊತೆ?"

"ಒಬ್ಳೇ."

ಕಂಬಿಯಾಚೆ ನಿಂತಿದ್ದ ಬಾಸ್ಯಾಂಗ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಒಬ್ಳೇನಾ! ಅಯ್ಯೋ ದೇವ್ರೇ, ಯಾರೂ ದಿಕ್ಕಿಲ್ಲದವರ ಥರ?"

ಪೂರಿಟಾಳಿಗೆ ದಿಕ್ಕಿಲ್ಲ ಎಂದೇನಲ್ಲ. ಹೆಣ್ಣುಮಕ್ಕಳಿಬ್ಬರಿಗೂ ಮದುವೆಯಾಗಿದೆ. ಗಂಡ ಸರಕು ಹಡಗಿನಲ್ಲಿ ಅಡುಗೆಯವ, ಅಕ್ಟೋಬರಿಗೆ ಬರುತ್ತಾನೆ. ಅವಳು ಸಾನ್ ಪಾಬ್ಲೋ ಪುರಸಭೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಜನನ-ಮರಣ ಬರೆದುಕೊಳ್ಳುತ್ತಿದ್ದಾಳೆ. ಇಷ್ಟು ವರ್ಷ ಅವಳ ಪಾಲಿಗೆ ಬೇಸಿಗೆ ರಜೆ ಅಂದರೆ ಮರಳ ಮೇಲೆ ಕೂತು ಇದ್ದಲಿಗೆ ಗಾಳಿ ಹಾಕುತ್ತ ಎಲ್ಲರಿಗೂ ಮೀನು ಸುಡುವುದು, ಈಜಲು ಹೋದವರ ಚಪ್ಪಲಿ ಕಾಯುವುದು. ಐವತ್ತೊಂದು ತುಂಬಿದ ದಿನ ಅವಳಿಗೆ ಅಳುವೇ ಬಂದುಬಿಟ್ಟಿತ್ತು. ಕಡಲನ್ನು ಇಷ್ಟು ಸಲ ನೋಡಿಯೂ ಮೊಣಕಾಲಿನ ಮೇಲೆ ನೀರು ಸೋಕಿಸಿಕೊಂಡವಳಲ್ಲ! ಅಂದೇ ಒಂಟಿ ಮಂಚದ ಬಿದಿರು ಗುಡಿಸಲೊಂದನ್ನು ಗೊತ್ತುಮಾಡಿದಳು. ನೀರಿನ ಮೇಲೆ ಅಂಗಾತ ತೇಲಬೇಕು, ಬೇರೆಯವರು ಬೇಯಿಸಿದ್ದನ್ನು ತಿನ್ನಬೇಕು, ಐದು ದಿನ ಯಾರ ದನಿಯೂ ಕಿವಿಗೆ ಬೀಳಬಾರದು. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೊರಡುವುದೊಂದೇ ಬಾಕಿಯಿತ್ತು.

ಆದರೆ ನಮ್ಮಲ್ಲೊಂದು ಮರ್ಯಾದೆಯಿದೆ. ಉಣ್ಣುವಾಗ ಯಾರಾದರೂ ಕಂಡರೆ "ಬನ್ನಿ, ಊಟ ಮಾಡಿ" ಅನ್ನಬೇಕು. ಎಲ್ಲಿಗಾದರೂ ಹೊರಟಾಗ ಯಾರಾದರೂ ಕೇಳಿದರೆ "ನೀವೂ ಬನ್ನಿ" ಅನ್ನಬೇಕು. ಕರೆದವರು ಮನಸ್ಸಿನಿಂದ ಕರೆದಿರುವುದಿಲ್ಲ, ಕರೆಸಿಕೊಂಡವರು "ಇನ್ನೊಂದ್ಸಲ ಆಗ್ಲಿ" ಅಂತ ನಕ್ಕು ಮುಗಿಸಬೇಕು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ ಇದು. ಪೂರಿಟಾಳೂ ವಾಡಿಕೆಯಂತೆ "ನೀವೂ ಬನ್ನಿ ಅಕ್ಕ" ಅಂದಳು.

ಮೇ ತಿಂಗಳ ಸುಡುಬಿಸಿಲು. ಬಾಸ್ಯಾಂಗಳ ಅಂಗಡಿಯ ಫ್ಯಾನು ಕೆಟ್ಟು ಮೂರು ದಿನವಾಗಿತ್ತು.

"ಎಷ್ಟು ಗಂಟೆಗೆ?" ಎಂದಳು ಬಾಸ್ಯಾಂಗ್.

ಪೂರಿಟಾ ಮನೆ ಮುಟ್ಟುವ ಮೊದಲೇ ಸುದ್ದಿ ಬೀದಿ ದಾಟಿತ್ತು. ಎದುರುಮನೆಯ ಗೋರ್ಯೋ ಜನ ಸಾಗಿಸುವ ತನ್ನ ಜೀಪ್ನಿಯ ಗಾಜು ಒರೆಸುತ್ತ ಮುಖ ಊದಿಸಿಕೊಂಡು ನಿಂತಿದ್ದ. "ಪೂರಿಟಕ್ಕ, ಎಲ್ರನ್ನೂ ಕರೆದ್ರಂತೆ. ನಾವೇನು ಪಾಪ ಮಾಡಿದ್ವಿ?"

"ಅಯ್ಯೋ, ಹಾಗೇನಿಲ್ಲಪ್ಪ. ನೀನೂ ಬಾ."

"ಮತ್ತೆ ಬಸ್ಸು ಯಾಕೆ? ನನ್ನ ಗಾಡೀಲಿ ಹದಿನೆಂಟು ಸೀಟಿದೆ. ಖಾಲಿ ಓಡಿಸೋಕಾಗುತ್ತಾ?"

ಖಾಲಿ ಓಡಿಸುವ ಸಂದರ್ಭವೇ ಬರಲಿಲ್ಲ. ಹತ್ತು ಗಂಟೆಗೆ ಪಕ್ಕದ ಮನೆಯ ಲುಮೆನ್ ಟೀಚರ್ ಪಟ್ಟಿ ಹಿಡಿದು ಬಂದಳು. ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿ ನಿವೃತ್ತಳಾದ ಗಂಟಲು ಅದು.

"ನಿನ್ನ ಬಿಟ್ಟು ಹತ್ತೊಂಬತ್ತು ಜನ. ಅನ್ನ ನಂದು, ಚಾಪೆ ಗೋರ್ಯೋದು, ಕೋಳಿ ಅಡೋಬೋ ನಿಂದು."

"ನಂದಾ?"

"ಇನ್ಯಾರದ್ದು? ನಿನ್ನ ಕೈರುಚಿ ಈ ಬೀದೀಲಿ ಇನ್ಯಾರಿಗಿದೆ ಹೇಳು?"

"ಟೀಚರ್, ಅಲ್ಲಿರೋದು ಒಂದೇ ಮಂಚ."

"ಅದು ನಿಂಗೇ, ತಗೋ! ಪಕ್ಕದಲ್ಲಿ ನಮ್ಮಮ್ಮ ಮಲಗ್ತಾರೆ, ಅಷ್ಟೇ. ಗೊರಕೆ ಸ್ವಲ್ಪ ಜಾಸ್ತಿ."

ಹನ್ನೆರಡರ ಹೊತ್ತಿಗೆ ಪೂರಿಟಾ ಆರು ಕೋಳಿಗಳನ್ನು ತುಂಡರಿಸಿ, ಅಡೋಬೋಗೆ ವಿನೆಗರ್ ಸುರಿದು, ಬೆವರು ಒರೆಸಿಕೊಳ್ಳುತ್ತ ಒಲೆಯ ಮುಂದೆ ನಿಂತಿದ್ದಳು. ಈ ವರ್ಷವೂ ಅದೇ ಹಣೆಬರಹ ಎಂದು ಅವಳಿಗೆ ರೋಸಿಹೋಯಿತು. ಕುಕ್ಕರುಬಡಿದು ಕೂತು ಕೂಗಿಕೊಂಡಳು: "ಅಯ್ಯಯ್ಯೋ, ಸೊಂಟ ಹಿಡ್ಕೊಂಡ್ತು!"

ಹತ್ತೊಂಬತ್ತು ಜನವೂ ಓಡಿಬಂದರು.

"ಹಾಗಾದ್ರೆ ಯಾರೂ ಹೋಗೋದು ಬೇಡ," ಎಂದಳು ಬಾಸ್ಯಾಂಗ್.

"ಬೇಡ ಬೇಡ, ಹೋಗಿ! ನೀವು ಹೋಗ್ದೇ ಇದ್ರೆ ನಂಗೆ ನೋವು ಇನ್ನೂ ಜಾಸ್ತಿಯಾಗುತ್ತೆ."

"ನಿನ್ನ ನೋಡ್ಕೊಳ್ಳೋಕೆ ನಾನಿರ್ತೀನಿ."

"ಮಗಳು ಬರ್ತಾಳಕ್ಕ. ದಾರೀಲಿದ್ದಾಳೆ." ಪೂರಿಟಾ ಸಲೀಸಾಗಿ ಸುಳ್ಳು ಹೇಳಿದಳು.

ಒಂದು ಗಂಟೆಗೆ ಜೀಪ್ನಿ ಅಡೋಬೋ ಸಮೇತ ಹೊರಟಿತು. ಕಿಟಕಿಗಳಿಂದ ಕರವಸ್ತ್ರಗಳು ಅಲ್ಲಾಡಿದವು. ಅದು ತಿರುವಿನಲ್ಲಿ ಮರೆಯಾಗಿದ್ದೇ ತಡ, ಪೂರಿಟಾಳ ಸೊಂಟ ನೆಟ್ಟಗಾಯಿತು. ಬ್ಯಾಗು ಎತ್ತಿಕೊಂಡು, ಬೀದಿಯ ತುದಿಗೆ ಓಡಿ, ಆಟೋ ಹಿಡಿದು ನಿಲ್ದಾಣಕ್ಕೆ ಹೋಗಿ ಎದುರು ದಿಕ್ಕಿನ ಬಸ್ಸು ಹತ್ತಿದಳು. ನಮ್ಮ ದ್ವೀಪದ ಪುಣ್ಯ, ಎತ್ತ ಹೋದರೂ ಕಡಲು ಸಿಗುತ್ತದೆ. ಕಿಟಕಿ ಪಕ್ಕ ಕೂತು, ಮುಖಕ್ಕೆ ಗಾಳಿ ಬಡಿಯುತ್ತಿದ್ದಂತೆ ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕಳು. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು!

ನಾಲ್ಕು ಗಂಟೆಗೆ ಫೋನು ಹೊಡೆದುಕೊಂಡಿತು. ದೊಡ್ಡ ಮಗಳು ನೆನಿಂಗ್ ಬಿಕ್ಕುತ್ತಿದ್ದಳು.

"ಅಮ್ಮಾ! ಯಾವ ಆಸ್ಪತ್ರೇಲಿದ್ದೀಯ?"

ಆಗಿದ್ದಿಷ್ಟು. ಜೀಪ್ನಿ ಮುಂದಿನ ಊರು ಮುಟ್ಟಿದಾಗ ಬಾಸ್ಯಾಂಗಳಿಗೆ ಅಡೋಬೋದ ಮೊದಲ ತುತ್ತೇ ಗಂಟಲಲ್ಲಿ ಇಳಿಯಲಿಲ್ಲ. "ಪಾಪ, ಒಬ್ಳೇ ನರಳ್ತಾ ಬಿದ್ದಿರ್ತಾಳೆ" ಎಂದು ಅತ್ತಳು. ಗೋರ್ಯೋ ಅಲ್ಲೇ ಗಾಡಿ ತಿರುಗಿಸಿದ. ವಾಪಸು ಬಂದರೆ ಮನೆಗೆ ಬೀಗ! ಬ್ಯಾಗು ಹಿಡಿದು ಓಡಿಹೋಗಿ ಆಟೋ ಹತ್ತಿದಳು ಎಂದು ಬೀದಿ ತುದಿಯ ಎಳನೀರಿನವನು ಹೇಳಿದ. ಸೊಂಟ ಹಿಡಿದವಳು ಬ್ಯಾಗು ಹಿಡಿದು ಆಸ್ಪತ್ರೆಗಲ್ಲದೆ ಇನ್ನೆಲ್ಲಿಗೆ ಓಡುತ್ತಾಳೆ?

"ಅಪ್ಪಂಗೂ ಹೇಳಿದ್ದೀವಿ," ನೆನಿಂಗ್ ಮೂಗೆಳೆದಳು. "ಹಡಗಿನವರೆಲ್ಲ ಪ್ರಾರ್ಥನೆ ಮಾಡ್ತಿದ್ದಾರಂತೆ. ಎಲ್ಲಿದ್ದೀಯಮ್ಮ?"

ನಿಮ್ಮಿಂದೆಲ್ಲ ತಪ್ಪಿಸಿಕೊಂಡು ಓಡುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ಬಸ್ಸು ಒಂದು ಊರಿನಲ್ಲಿ ನಿಂತಿತು. ಕಿಟಕಿಯಾಚೆ ಆಸ್ಪತ್ರೆಯ ಬೋರ್ಡು ಕಂಡಿತು. ಪೂರಿಟಾ ಅದರ ಮೇಲಿನ ಹೆಸರನ್ನೇ ಮೆಲ್ಲಗೆ ಓದಿ ಹೇಳಿ, ಫೋನಿಟ್ಟು, ಬಸ್ಸಿನಿಂದ ಧುಮುಕಿ, ಒಳಗೆ ಓಡಿದಳು.

ನರ್ಸು ರಕ್ತದೊತ್ತಡ ನೋಡಿ ಡಾಕ್ಟರನ್ನು ಕೂಗಿದಳು. ಡಾಕ್ಟರು ಹುಬ್ಬೇರಿಸಿದರು. "ನೂರಾ ತೊಂಬತ್ತು! ಐದು ದಿನ ಅಡ್ಮಿಟ್ ಆಗಿ."

"ಓಡಿಬಂದೆ ಡಾಕ್ಟ್ರೇ, ಅದಕ್ಕೇ."

"ಎಲ್ರೂ ಹೀಗೇ ಏನೋ ಒಂದು ಹೇಳ್ತಾರೆ."

ಕಾಗದ-ಪತ್ರ ಮುಗಿದು ಮಲಗುವಷ್ಟರಲ್ಲಿ ಕತ್ತಲಾಗಿತ್ತು. ಪೂರಿಟಾ ಸುತ್ತ ನೋಡಿದಳು. ತಣ್ಣನೆಯ ಪುಟ್ಟ ಕೋಣೆ, ಒಂಟಿ ಮಂಚ, ಬಿಳಿ ಹಾಸಿಗೆ. ಊಟ ಅವರೇ ತಂದುಕೊಡುತ್ತಾರಂತೆ. ಒಂದು ಪಿಸುಮಾತೂ ಇಲ್ಲ. ಅಯ್ಯೋ, ಕಡಲೊಂದು ಇಲ್ಲ ಅಂದರೆ ಏನಾಯಿತು! ಅವಳು ಕೈಕಾಲು ಚಾಚಿ, ಕಣ್ಣುಮುಚ್ಚಿ, ಹಾಯಾಗಿ ಉಸಿರುಬಿಟ್ಟಳು.

"ಪೇಷಂಟ್ ಜೊತೆ ಒಬ್ರು ಇರ್ಲೇಬೇಕು," ಎಂದಳು ನರ್ಸು. "ನಿಮ್ಮೋರು ಯಾರಿದ್ದಾರೆ?"

"ಯಾರೂ ಇಲ್ಲ ಸಿಸ್ಟರ್," ಎಂದಳು ಪೂರಿಟಾ ಸಂತೋಷ ತಡೆಯಲಾರದೆ. "ನಾನೊಬ್ಳೇ."

ಕೆಳಗೆ ಜೀಪ್ನಿಯ ಹಾರನ್ನು ಕೇಳಿಸಿತು. ಮೆಟ್ಟಿಲು ಗುಡುಗಿತು. ಬಾಗಿಲು ಧಡಾರೆಂದು ತೆರೆದು, ಚಾಪೆ, ಪಾತ್ರೆ, ಗಾಳಿ ತುಂಬಿದ ಈಜುಟ್ಯೂಬುಗಳ ಸಮೇತ ಹತ್ತೊಂಬತ್ತು ಜನ ಒಳನುಗ್ಗಿದರು.

"ಒಬ್ರಿಗೆ ಮಾತ್ರ ಅವಕಾಶ!" ನರ್ಸು ಕಿರುಚಿದಳು. "ಯಾರಿರ್ತೀರಿ?"

ಹತ್ತೊಂಬತ್ತು ಕೈಗಳು ಮೇಲೆದ್ದವು. ಲುಮೆನ್ ಟೀಚರ್ ಆಗಲೇ ಪೆನ್ನು ತೆಗೆದು ಪಾಳಿ ಬರೆಯತೊಡಗಿದ್ದಳು.

"ಗಂಟೆಗೊಬ್ರು, ಹಗಲೂ ರಾತ್ರಿ," ಎಂದು ಪೂರಿಟಾಳ ಕೆನ್ನೆ ತಟ್ಟಿದಳು. "ಹೆದರ್ಕೋಬೇಡ. ಈ ಐದು ದಿನ ನಿನ್ನ ಒಂದು ಕ್ಷಣಾನೂ ಒಬ್ಳನ್ನೇ ಬಿಡಲ್ಲ."