ಹೊಸಪೇಟೆಗೆ ಬಂದ ಸಮುದ್ರ

ನಮ್ಮ ಮನೆತನ ಹೊಸಪೇಟೆಯಲ್ಲಿ ನೆಲೆ ನಿಂತು ಐದು ತಲೆಮಾರಾಯಿತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಹೊಸಪೇಟೆಯಲ್ಲಿ ಬಟ್ಟೆ ಅಂಗಡಿ, ಹಂಪಿಗೆ ಹೋಗುವ ರಸ್ತೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಕಲ್ಲಿನ ಅರವಟ್ಟಿಗೆ. ದಾರಿಹೋಕರಿಗೆ ಅಲ್ಲಿ ನೀರು, ಮಜ್ಜಿಗೆ ಇಂದಿಗೂ ಪುಕ್ಕಟೆ. ನಮ್ಮವರು ಯಾವತ್ತೂ ಯಾರ ಬಾಯಿಗೂ ಬಿದ್ದವರಲ್ಲ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ತಪ್ಪು ಕಂಡರೆ ಕೆಂಪು ಪೆನ್ಸಿಲಿನಿಂದ ತಿದ್ದಬೇಕೆಂದು ಸಿಸ್ಟರುಗಳು ಕಲಿಸಿದ್ದನ್ನು ಇನ್ನೂ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ತಿದ್ದುತ್ತೇನೆ, ಆಮೇಲೆ ಮುಹೂರ್ತ ನೋಡುತ್ತೇನೆ. ಇಷ್ಟು ಶಿಸ್ತಿನಲ್ಲಿ ಬದುಕುವವರನ್ನೇ ಇಂಥ ಪ್ರಸಂಗಗಳು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೆ.

ಈ ಸಲ ಬಂದದ್ದು ಒಂದು ಸಮಿತಿಯ ರೂಪದಲ್ಲಿ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೇರಿಸಿ ಸುಸ್ಥಿರ ಪ್ರವಾಸೋದ್ಯಮದ ಯೋಜನೆ ಮಾಡುತ್ತಾರಂತೆ. ಊರಿನ ಪರವಾಗಿ ನಾನೂ ಒಬ್ಬ ಸದಸ್ಯೆ.

ಎಮ್ಮಿಗನೂರಿನ ಆಮೆಗಳು

ಮೊದಲ ಸಭೆಯಲ್ಲಿ ಎಲ್ಲರ ಮುಂದೆ ದಪ್ಪನೆಯ ಕರಡು ಪ್ರತಿ ಇಟ್ಟಿದ್ದರು. ಬೆಂಗಳೂರಿನಿಂದ ಬಂದ ಸಲಹೆಗಾರರೊಬ್ಬರು ಅದನ್ನು ಸಿದ್ಧ ಮಾಡಿದ್ದರು. ನಾಲ್ಕನೇ ಪುಟದಲ್ಲೇ ನನ್ನ ಪೆನ್ಸಿಲು ನಿಂತಿತು. ‘ಹೊಸಪೇಟೆಯ ಕಡಲತೀರವನ್ನು ಸ್ವಚ್ಛವಾಗಿಡುವುದು’ ಎಂದಿತ್ತು.

ಅಧ್ಯಕ್ಷತೆ ವಹಿಸಿದ್ದ ಸಾಹೇಬರು ಕನ್ನಡಕ ತೆಗೆದು ಕೇಳಿದರು, "ಎಲ್ರೀ ಐತಿ ಸಮುದ್ರ?"

ಸಲಹೆಗಾರರು ಅಳುಕಲಿಲ್ಲ. "ಸರ್, ಇದು ಕರಾವಳಿ ಜಿಲ್ಲೆಯೊಂದಕ್ಕೆ ನಾವೇ ಮಾಡಿದ ಯೋಜನೆ. ತುಂಬಾ ಮೆಚ್ಚುಗೆ ಬಂತು. ಊರಿನ ಹೆಸರೆಲ್ಲ ಬದಲಾಯಿಸಿದ್ದೀವಿ. ಸಮುದ್ರ ತೆಗೆಯೋದು ಬಾಕಿ ಇದೆ."

ನನ್ನ ಪಕ್ಕದಲ್ಲಿ ಎಮ್ಮಿಗನೂರಿನ ರೈತ ಸದಸ್ಯರು ಕೂತಿದ್ದರು, ಎಲ್ಲರೂ ಗೌಡ್ರು ಎಂದು ಕರೆಯುವವರು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಅಮ್ಮಾರ, ನಮ್ಮೂರಿಗೆ ಕಡಲಾಮಿ ತತ್ತಿ ಇಡಾಕ ಬರ್ತಾವಂತ, ಅವನ್ನ ಎಬ್ಬಿಸಬಾರ್ದಂತ ಬರ್ದಾರ ನೋಡ್ರಿ. ಗದ್ದ್ಯಾಗ ಬಂದು ಕುಂತ್ರ ನಾಟಿ ಹೆಂಗ ಮಾಡೂದ್ರಿ?"

ನಾನು ನಗಲಿಲ್ಲ, ಆಮೆಯನ್ನು ಹೊಡೆದುಹಾಕಿದೆ. ಆದರೆ ಕೊನೆಯ ಪುಟದ ನಕ್ಷೆಯ ಮೇಲೆ ಪೆನ್ಸಿಲು ಮತ್ತೆ ನಿಂತಿತು. ಹಂಪಿ ರಸ್ತೆಯಲ್ಲಿ, ಸರಿಯಾಗಿ ನಮ್ಮ ಅಜ್ಜನ ಅರವಟ್ಟಿಗೆಯ ಮೇಲೆ, ಒಂದು ನೀಲಿ ಚೌಕ. ಕೆಳಗೆ ‘ವಾಹನ ನಿಲುಗಡೆ’ ಎಂದಿತ್ತು. ಅದೊಂದು ಸಮುದ್ರದ ಹಾಗೆ ತಪ್ಪಿ ಉಳಿದದ್ದಲ್ಲ, ಅಳತೆ ಮಾಡಿ ಹಾಕಿದ್ದು.

ಚೋರನೂರಿನ ದೋಣಿ

ಮುಂದಿನ ವಾರ ಸಂಡೂರಿನ ಕಡೆ ಸಮೀಕ್ಷೆ. ಗುಡ್ಡಕ್ಕೆ ವಾಹನಗಳ ಹೊರೆ ಕಡಿಮೆ ಮಾಡುವುದು ಹೇಗೆಂದು ನೋಡಲು ನಾವು ಒಂಬತ್ತು ಜನ ಏಳು ಕಾರಿನಲ್ಲಿ ಹೋದೆವು. ಸಲಹೆಗಾರರು ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟಿದ್ದರು. ಬೇಡವೆಂದು ನಾನು ಹೊರಡುವಾಗಲೇ ಹೇಳಿದ್ದೆ. ಅದಿರಿನ ಲಾರಿಗಳ ಹಿಂದೆ ಒಂದು ತಾಸು ಕಿಟಕಿ ತೆಗೆದು ಕೂತವರು ಸಂಡೂರಿನಲ್ಲಿ ಇಳಿಯುವಾಗ ಹುಬ್ಬಿನವರೆಗೂ ಕೆಂಪಾಗಿದ್ದರು.

ಚಹಾದ ಅಂಗಡಿಯವನು ಕೇಳಿದ, "ಮೈನ್ಸ್‌ನವರೇನ್ರಿ?"

"ಅಲ್ಲಪ್ಪ, ನಾವು ಪರಿಸರದವರು," ಎಂದರು ಸಲಹೆಗಾರರು.

"ಬಣ್ಣ ನೋಡಿ ಕೇಳಿದ್ನಿ, ತಪ್ಪು ತಿಳ್ಕೋಬ್ಯಾಡ್ರಿ."

ಅಲ್ಲಿಂದ ಚೋರನೂರಿಗೆ ಹೋದೆವು. ಒಬ್ಬ ಹೆಣ್ಣುಮಗಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಲಹೆಗಾರರು ಅಚ್ಚಾದ ಪ್ರಶ್ನಾವಳಿ ತೆಗೆದು ಓದಿದರು. "ಬಿರುಗಾಳಿ ಬಂದಾಗ ನಿಮ್ಮ ದೋಣಿಯನ್ನು ಎಲ್ಲಿ ಕಟ್ಟುತ್ತೀರಿ?"

ನಾನು ತಡೆದೆ. "ಸಮುದ್ರ ತೆಗೀತೀನಿ ಅಂದಿದ್ರಲ್ಲ?"

"ಯೋಜನೆಯಿಂದ ತೆಗೆದಿದ್ದೀವಿ ಮೇಡಂ. ಫಾರಂ ಮಾತ್ರ ಮೊದಲೇ ಅಚ್ಚಾಗಿಬಿಟ್ಟಿದೆ. ತುಂಬಲೇಬೇಕು."

ಅಷ್ಟರಲ್ಲಿ ಆಕೆ ಮೊರ ಕೆಳಗಿಟ್ಟು ಉತ್ತರ ಕೊಟ್ಟೇಬಿಟ್ಟಳು. "ಮೊದ್ಲು ನೀರು ಕೊಡ್ರಿ ಯಪ್ಪಾ. ದ್ವಾಣಿ ನಾವ ಮಾಡಿಸ್ಕೊಂತೀವಿ."

ಸಲಹೆಗಾರರು ‘ದೋಣಿ: ಮಾಡಿಸುವ ಹಂತದಲ್ಲಿದೆ’ ಎಂದು ಬರೆದುಕೊಂಡರು.

ನಾಲ್ಕು ಲೋಟ ಮಜ್ಜಿಗೆ

ಮರುದಿನ ಸಲಹೆಗಾರರನ್ನು ನಾನೇ ಅರವಟ್ಟಿಗೆಗೆ ಕರೆದುಕೊಂಡು ಹೋದೆ. ಕಣ್ಣಾರೆ ಕಂಡರೆ ಕೆಡವಲು ಮನಸ್ಸು ಬಾರದೆಂದು ನನ್ನ ಲೆಕ್ಕ. ಮಜ್ಜಿಗೆ ಕೊಡುವ ಅಜ್ಜಿ ಅವರಿಗೆ ಒಂದು ಲೋಟ ಕೊಟ್ಟಳು, ಅವರು ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಜ್ಜಿ ಲೋಟ ಹಿಂದಕ್ಕೆ ಹಿಡಿದಳು. "ಇದನ್ನ ಕೆಡವಿ ಕಾರು ನಿಲ್ಸ್ತೀರಂತಲ್ರಿ ಸಾಹೇಬ್ರ. ಆಮ್ಯಾಲೆ ಯಾವ ಕಾರು ನಿಮ್ಗ ಮಜ್ಜಿಗಿ ಕೊಡತೈತ್ರಿ?"

ಅವರು ಮುಜುಗರಪಟ್ಟು ಅದೇ ಫಾರಂ ತೆಗೆದರು. "ಮೇಡಂ, ಈ ಕಟ್ಟಡದ ಮೇಲೆ ದೀಪ ಇದೆಯಾ?"

ನನಗೆ ಹೆಮ್ಮೆ ಉಕ್ಕಿತು. "ಇದೆಯಾ ಅಂದರೇನು? ಮೇಲೆ ಲಾಂದ್ರದ ಗೂಡು ನೋಡಿ. ನಮ್ಮ ಅಜ್ಜನ ಕಾಲದಿಂದ ಒಂದು ಸಂಜೆಯೂ ತಪ್ಪಿಲ್ಲ."

"ಯಾತಕ್ಕೆ?"

"ದೂರದಿಂದ ಬರುವವರಿಗೆ ದಾರಿ ಕಾಣಲಿ ಅಂತ."

"ಎಷ್ಟು ದೂರಕ್ಕೆ ಕಾಣುತ್ತೆ?"

"ಕತ್ತಲಿದ್ದರೆ ಎರಡು ಮೈಲಿ."

ಎಲ್ಲಕ್ಕೂ ಅವರು ಸರಿ ಗುರುತು ಹಾಕಿಕೊಂಡರು. ಫಾರಮ್ಮಿನ ತಲೆಬರಹವನ್ನು ನಾನು ಓದಲಿಲ್ಲ. ಜೀವಮಾನದಲ್ಲಿ ಓದದೆ ಬಿಟ್ಟ ಕಾಗದ ಅದೊಂದೇ.

ಕೆಂಪು ಪೆನ್ಸಿಲು

ಕೊನೆಯ ಸಭೆಗೆ ತಿದ್ದಿದ ಪ್ರತಿ ಬಂತು. ಸಮುದ್ರ ಹೋಗಿತ್ತು, ಆಮೆಗಳು ಹೋಗಿದ್ದವು. ‘ಯಾರೂ ಮುಟ್ಟಬಾರದ ಕಟ್ಟಡಗಳು’ ಎಂಬ ಪುಟದಲ್ಲಿ ಮಾತ್ರ ಹೀಗಿತ್ತು: ‘ಪುರಾತನ ದೀಪಸ್ತಂಭ, ಹಂಪಿ ರಸ್ತೆ. ಹಡಗುಗಳಿಗೆ ದಾರಿ ತೋರಿಸಲು ಸಮಿತಿ ಸದಸ್ಯೆಯವರ ಅಜ್ಜ ಕಟ್ಟಿಸಿದ್ದು. ಬೆಳಕು ಎರಡು ಮೈಲಿ.’

ನಾನು ಎದ್ದು ನಿಂತೆ. "ಇದು ಅರವಟ್ಟಿಗೆ. ನಮ್ಮ ಅಜ್ಜ ಸಮುದ್ರವನ್ನು ಚಿತ್ರದಲ್ಲೂ ನೋಡಿದವರಲ್ಲ. ಈಗಲೇ ತಿದ್ದುತ್ತೇನೆ."

ಸಾಹೇಬರು ಮೆಲ್ಲಗೆ ಹೇಳಿದರು, "ಮೇಡಂ, ಸ್ವಲ್ಪ ಕುಂದ್ರಿ. ಈ ಪಟ್ಟ್ಯಾಗ ಗುಡಿ, ಕೋಟೆ, ದೀಪಸ್ತಂಭ, ಮೂರಕ್ಕ ಜಾಗ ಐತಿ. ಅರವಟ್ಟಿಗಿಗೆ ಕಾಲಮ್ಮೇ ಇಲ್ಲ. ನೀವು ತಿದ್ದಿದ್ರ ಅದು ಮುಂದಿನ ಪುಟಕ್ಕ ಹೋಗ್ತೈತಿ."

ಪುಟ ತಿರುಗಿಸಿದೆ. ವಾಹನ ನಿಲುಗಡೆ. ಅಲ್ಲಿ ನೀಲಿ ಚೌಕ ಈಗ ರಸ್ತೆಯ ಆಚೆಗೆ, ಬೀಳು ಜಾಗಕ್ಕೆ ಸರಿದಿತ್ತು. ದೀಪಸ್ತಂಭದ ಮೇಲೆ ಕಾರು ನಿಲ್ಲಿಸುವಂತಿಲ್ಲವಲ್ಲ.

ಅಜ್ಜನ ಮುಖ ನೆನಪಾಯಿತು, ಸಿಸ್ಟರುಗಳ ಮುಖವೂ ನೆನಪಾಯಿತು. ಇಡೀ ಸಭೆ ನನ್ನ ಕೈಯನ್ನೇ ನೋಡುತ್ತಿತ್ತು. ನಾನು ಪೆನ್ಸಿಲನ್ನು ಚೀಲಕ್ಕೆ ಹಾಕಿ, ಗುಂಡಿ ಹಾಕಿ, ಕೂತೆ.

ಗೌಡ್ರು ಮೆತ್ತಗೆ ಕೇಳಿದರು, "ಅಮ್ಮಾರ, ಪೆನ್ಸಿಲ್ ಮೊನಿ ಮುರೀತೇನ್ರಿ?"

ಇವತ್ತು ಸಮುದ್ರ ಹೇಗಿದೆ

ಯೋಜನೆ ಒಪ್ಪಿಗೆಯಾಯಿತು, ಅರವಟ್ಟಿಗೆ ಉಳಿಯಿತು. ಹದಿನೈದು ದಿನಕ್ಕೆ ಅದರ ಮುಂದೆ ಹಸಿರು ಫಲಕ ನೆಟ್ಟರು. ಅದೂ ಕರಾವಳಿಯ ಫೈಲಿನಿಂದಲೇ ಬಂದದ್ದು. ‘ಸಂರಕ್ಷಿತ ದೀಪಸ್ತಂಭ. ಸಮುದ್ರ ಉಕ್ಕೇರಿದಾಗ ಪ್ರವೇಶವಿಲ್ಲ.’

ಅಂದಿನಿಂದ ಹೊಸಪೇಟೆಯಲ್ಲಿ ನನಗೆ ತಲೆ ಎತ್ತಿ ನಡೆಯಲು ಆಗುತ್ತಿಲ್ಲ. ಕಾಯಿಪಲ್ಲೆ ಮಾರುವವಳು ಬದನೆಕಾಯಿ ತೂಗುತ್ತಾ ಕೇಳುತ್ತಾಳೆ, "ಅಮ್ಮಾರ, ಹಡಗು ಬಂತೇನ್ರಿ?" ಆಟೋದವರು ನನ್ನನ್ನು ಕಂಡರೆ ಎರಡು ಸಲ ದೀಪ ಮಿನುಗಿಸುತ್ತಾರೆ. ಐದು ತಲೆಮಾರಿನಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇಂಥದ್ದು ಆಗಿರಲಿಲ್ಲ.

ಮೊನ್ನೆ ನಾನು ಅರವಟ್ಟಿಗೆಯಲ್ಲಿದ್ದಾಗ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಹಂಪಿ ನೋಡಲು ಹೊರಟದ್ದು ಅಲ್ಲಿ ಕಾರು ನಿಲ್ಲಿಸಿತು. ಮನೆಯ ಯಜಮಾನರು ಫಲಕವನ್ನು ಎರಡು ಸಲ ಓದಿದರು, ಸುತ್ತಲಿನ ಬಂಡೆಗಳನ್ನು ನೋಡಿದರು, ಒಳಗೆ ಬರಲು ಧೈರ್ಯ ಸಾಲದೆ ಹೊರಗಿನಿಂದಲೇ ಅಜ್ಜಿಯನ್ನು ಕೇಳಿದರು.

"ಯಮ್ಮಾ, ಇವತ್ತ ಸಮುದ್ರ ಹೆಂಗೈತಿ?"

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಬಂಡೆಗಳ ಕಡೆ ಒಮ್ಮೆ ಗಂಭೀರವಾಗಿ ನೋಡಿದಳು.

"ಇವತ್ತು ತಣ್ಣಗ ಮಲ್ಕೊಂಡೈತ್ರಿ. ಜಲ್ದಿ ಒಳಗ ಬರ್ರಿ, ಮಜ್ಜಿಗಿ ಕುಡೀರಿ."

ಅಲ್ಲಿಯವರೆಗೆ ತಡೆದಿದ್ದ ನಗು ನನಗೂ ಬಂತು. ಕಂಬ ಹಿಡಿದುಕೊಂಡು ನಕ್ಕೆ. ಆದರೆ ನಗು ಬೇರೆ, ಮರ್ಯಾದೆ ಬೇರೆ. ಫಲಕ ಅಲ್ಲೇ ಇರಲಿ, ಅದರ ಒಂದಕ್ಷರವನ್ನೂ ಯಾರೂ ತೆಗೆಯಕೂಡದು. ಪಟ್ಟಿಯಲ್ಲಿ ದೀಪಸ್ತಂಭವೂ ಹಾಗೆಯೇ ಇರಲಿ. ನಮ್ಮ ಅಜ್ಜನನ್ನು ಹಡಗಿನವರನ್ನಾಗಿ ಮಾಡಿದ್ದಕ್ಕೆ ಸಮಿತಿಯವರು ನಮ್ಮ ಮನೆತನದ ಕ್ಷಮೆ ಕೇಳಬೇಕು. ಬರಹದಲ್ಲಿ, ತಪ್ಪಿಲ್ಲದ ಕನ್ನಡದಲ್ಲಿ.