ಪಾಟೀಲರ ಕಾರಿನ ಮೂತಿ

ಕಾರಿನ ವಿಷಯದಲ್ಲಿ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಸಿಕಂದರಾಬಾದಿನ ಹತ್ತಿರದ ಸನತ್‌ನಗರದಲ್ಲಿ ನಮ್ಮ ಎದುರುಮನೆಯ ಪಾಟೀಲರು ಹೊಸ ಕಾರು ತಂದು ನಿಲ್ಲಿಸಿದ ಬೆಳಿಗ್ಗೆ ಆ ನಂಬಿಕೆ ದಿವಂಗತವಾಯಿತು.

ಕಂಪನಿ ಅದೇ, ಮಾಡೆಲ್ ಅದೇ, ಬಣ್ಣವೂ ಅದೇ. ಆದರೆ ನನ್ನದು ಒಂಬತ್ತು ವರ್ಷ ಹಳೆಯದು. ಅವರದರ ಮೂತಿಗೆ ಬೆಳ್ಳಿಯಂತೆ ಹೊಳೆಯುವ ಅಗಲವಾದ ಗ್ರಿಲ್!

“ಎಷ್ಟು ಚಂದ ಐತ್ರೀ ಅದರ ಮಾರಿ!” ಎಂದಳು ನನ್ನ ಹೆಂಡತಿ ಸುನಂದಾ. “ನಮ್ಮದು ನೆಗಡಿ ಬಂದವರಂಗ ಕಾಣತೈತಿ.”

“ಗ್ರಿಲ್ ಒಂದೇ ಫರಕು. ಈ ಭಾನುವಾರ ನಮ್ಮದೂ ಹಂಗ ಮಾಡಿಸ್ತೀನಿ.”

“ಪಾಟೀಲರ ಮ್ಯಾಲಿನ ಹೊಟ್ಟೆಉರಿ ಕಾರಿನ ಮ್ಯಾಲ ತೀರಿಸಬ್ಯಾಡ್ರಿ.”

“ಹೊಟ್ಟೆಉರಿ? ನನಗ?” ಎಂದು ನಕ್ಕೆ. ಆ ನಗು ನನಗೇ ಹುಳಿ ಹುಳಿಯಾಗಿ ಕೇಳಿಸಿತು.

ಕಂಪನಿಯ ಷೋರೂಮಿನವರು ಹೊಸ ಗ್ರಿಲ್ ಹಳೆಯ ಗಾಡಿಗೆ ಹೊಂದುವುದಿಲ್ಲ ಎಂದರು. ಅವರಿಗೇನು ಗೊತ್ತು! ಭಾನುವಾರ ನೇರವಾಗಿ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಬಿಡಿಭಾಗಗಳ ಅಂಗಡಿಗೆ ಹೋದೆ. ಪಾಟೀಲರ ಗ್ರಿಲ್ಲಿನ ಅವಳಿ ತಮ್ಮನೇ ಅಲ್ಲಿ ನೇತಾಡುತ್ತಿದ್ದ.

“ಫಿಕರ್ ನಕ್ಕೋ ಸಾಬ್,” ಎಂದ ಅಂಗಡಿಯವ. “ಕಂಪನಿಯವರಿಗೂ ಗುರ್ತು ಸಿಗೂದಿಲ್ಲ!”

ಗ್ರಿಲ್ ನನ್ನ ಕಾರಿಗೆ ಎರಡು ಬೆರಳು ಹೆಚ್ಚು ಅಗಲವಾಗಿತ್ತು. ಅಂಗಡಿಯ ಮೇಸ್ತ್ರಿ ಅದನ್ನು ಅರದಿಂದ ತಿಕ್ಕಿದ. ಕೂರಲಿಲ್ಲ. ಬಂಪರಿನ ಎರಡೂ ಕಿವಿ ಕತ್ತರಿಸಿದ. ಕೂರಲಿಲ್ಲ. ಕೊನೆಗೆ ತಂತಿ ಬಿಗಿದು, ಸುತ್ತಿಗೆಯಿಂದ ನಾಲ್ಕು ಬಡಿದ. ಕೂತಿತು! ಹಳೆಯ ಗ್ರಿಲ್ಲನ್ನು ನಾನು ಉದಾರವಾಗಿ ಗುಜರಿ ಗಾಡಿಯವನಿಗೆ ದಾನ ಮಾಡಿದೆ. ಆ ಗಾಡಿ ತಿರುವು ದಾಟುತ್ತಿದ್ದಂತೆ ಗಲ್ಲಿಯೊಳಗೆ ನಾಲ್ಕು ಜನ ಬಂದರು. ಒಬ್ಬರು ಕರಿಕೋಟಿನಲ್ಲಿದ್ದರು.

ಗ್ರಿಲ್ಲಿನ ವಿನ್ಯಾಸ ಕಂಪನಿಯ ಹೆಸರಿನಲ್ಲಿ ನೋಂದಣಿಯಾಗಿದೆಯಂತೆ. ಅದನ್ನು ನಕಲು ಮಾಡಿ ಮಾರುವವರ ಮಾಲು ಜಪ್ತಿ ಮಾಡಲು ಕೋರ್ಟು ಈ ಕರಿಕೋಟಿನ ವಕೀಲರನ್ನೇ ಕಳಿಸಿದೆಯಂತೆ. ಅಂಗಡಿಯವ ಹಿಂಬಾಗಿಲಿನಿಂದ ಮಾಯವಾದ. ವಕೀಲರ ಜೊತೆ ಬಂದಿದ್ದ ಕಂಪನಿಯ ಮನುಷ್ಯ ಹತ್ತು ಹೆಜ್ಜೆ ದೂರದಿಂದಲೇ ನನ್ನ ಕಾರಿಗೆ ಬೆರಳು ತೋರಿಸಿ, “ಇದು ನಮ್ಮದಲ್ಲ,” ಎಂದ.

ವಕೀಲರು ತೆಲುಗಿನಲ್ಲಿ ಗಂಭೀರವಾಗಿ ಕೇಳಿದರು: ಇದು ಅಸಲಿ ಎಂದು ನಂಬಿ ಹಾಕಿಸಿದಿರೋ, ನಕಲಿ ಎಂದು ಗೊತ್ತಿದ್ದೂ ಹಾಕಿಸಿದಿರೋ?

ಗೊತ್ತಿತ್ತು ಎಂದರೆ ನಾನು ಕಳ್ಳಮಾಲಿನ ಪಾಲುದಾರ. ನಂಬಿದ್ದೆ ಎಂದರೆ ಶುದ್ಧ ದಡ್ಡ. ದಡ್ಡತನವನ್ನೇ ಆರಿಸಿಕೊಂಡೆ. ಅದಕ್ಕೆ ಎರಡು ಕಡೆ ಸಹಿಯನ್ನೂ ಹಾಕಿದೆ!

ಗ್ರಿಲ್ ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಹೋದರು. ರೇಡಿಯೇಟರು ಸಮಸ್ತ ಸಾರ್ವಜನಿಕರ ದರ್ಶನಕ್ಕೆ ತೆರೆದುಕೊಂಡಿತು. ಸಿಗ್ನಲ್ಲಿನಲ್ಲಿ ಆಟೋದವರು ಬಗ್ಗಿ ಬಗ್ಗಿ ನೋಡಿದರು. ಮನೆ ಮುಂದೆ ಪಾಟೀಲರೇ ನಿಂತಿರಬೇಕೆ!

“ಏನಾತ್ರೀ ಸಾಹೇಬ್ರ? ಎಲ್ಲ್ಯರ ಗುದ್ದಿದ್ರೇನು?”

“ಇಲ್ರೀ... ಎಂಜಿನ್ನಿಗೆ ಗಾಳಿ ಆಡ್ಲಿ ಅಂತ ತೆಗೆಸೀನಿ.”

ಮಹಡಿಯ ಮೇಲಿಂದ ಸುನಂದಾ ಕೆಮ್ಮಿದ್ದು ಕೇಳಿಸಿತು.

ಪಾಟೀಲರು ಪಾಪ, ನಂಬಿಬಿಟ್ಟರು. “ಗಾಳಿ ಆಡೂದು ಮುಗಿಯೂತನ ನನ್ನ ಜೋಡಿ ಬರ್ರಿ. ನಿಮ್ಮ ಆಫೀಸೂ ಸಿಕಂದರಾಬಾದಿನ್ಯಾಗ ಐತಲ್ಲ.”

ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಮರುದಿನ ಅವರ ಪಕ್ಕದ ಸೀಟಿನಲ್ಲಿ ಕುಳಿತೆ. ಹಾದಿಯುದ್ದಕ್ಕೂ ಕತ್ತು ಉದ್ದ ಮಾಡಿ ನೋಡಿದರೂ ಬಾನೆಟ್ಟಿನ ಆಚೆಗಿನ ಮೂತಿ ಕಾಣಲೊಲ್ಲದು.

“ಇಲ್ಲಿಂದ ಗ್ರಿಲ್ ಕಾಣೂದಿಲ್ಲೇನ್ರಿ?” ಎಂದು ತಡೆಯಲಾರದೆ ಕೇಳಿದೆ.

“ಗ್ರಿಲ್ಲಾ?” ಪಾಟೀಲರು ಹುಬ್ಬೇರಿಸಿದರು. “ಅದು ಹೆಂಗ ಐತಿ ಅಂತ ನಾ ಇನ್ನೂ ನೋಡೇ ಇಲ್ರಿ. ಚಂದ ಐತೇನು?”

“ಭಾಳ ಚಂದ ಐತ್ರಿ,” ಎಂದೆ.