ಹತ್ತದ ಐವಿ

“ಈ ಐವಿ ಬಳ್ಳಿ ಗೋಡೆ ಹತ್ತೋದಿಲ್ಲ,” ಎಂದು ಹೊರೇಸ್ ಬ್ಲೆಂಕಿನ್‌ಸಾಪ್ ಚಹಾದ ಬಟ್ಟಲೆತ್ತಿ ಇಡೀ ಯಾರ್ಕ್‌ಷೈರಿಗೆ ಕೇಳುವಂತೆ ಘೋಷಿಸಿದ.

“ಹೋದ ಸಲದ್ದು ಕಿಟಕಿಯಿಂದ ನುಗ್ಗಿ ನಿನ್ನ ದಿಂಬಿನ ಮೇಲೆ ಮಲಗಿತ್ತು,” ಎಂದಳು ಹೆಂಡತಿ ಮೇವಿಸ್. “ಗೊರಕೆ ಹೊಡೀದೇ ಇದ್ದದ್ದಕ್ಕೆ ನಾನೂ ಸುಮ್ಮನಿದ್ದೆ.”

“ಅದು ಎಳೇದು, ಪುಂಡು. ಇದು ಚರ್ಚಿನ ಗೋಡೆ ತುದೀಲಿ ಹೂ ಬಿಟ್ಟಿದ್ದ ರೆಂಬೆಯಿಂದ ಮಾಡಿದ ಸಸಿ. ಹೂ ಬಿಡೋ ವಯಸ್ಸಿಗೆ ಬಂದ ಐವಿ ಹತ್ತೋದು ಬಿಟ್ಟು, ಪೆನ್ಶನ್ ಆದವರ ಹಾಗೆ ಪೊದೆಯಾಗಿ ಕೂತುಬಿಡುತ್ತೆ.”

“ಹತ್ತಿದ್ರೆ?”

“ಶೆಡ್ಡು ನಿನ್ನದು.”

ಮೇವಿಸ್ ಬಿಸ್ಕತ್ತು ಅದ್ದುವುದನ್ನೇ ಮರೆತಳು. ಹಿತ್ತಲಿನ ಆ ಮರದ ಶೆಡ್ಡು ಹೊರೇಸನ ಸಾಮ್ರಾಜ್ಯ. ಮುರುಕು ಕುರ್ಚಿ, ಕೆಟಲ್, ರೇಡಿಯೋದಲ್ಲಿ ಕ್ರಿಕೆಟ್ಟು. ಅಲ್ಲಿ ತನ್ನ ಮಡಕೆ ಮಾಡುವ ಚಕ್ರ ಇಡಬೇಕೆಂದು ಅವಳಿಗೆ ಬಹಳ ದಿನಗಳ ಆಸೆ.

ಶೆಡ್ಡಿನ ಪಕ್ಕದಲ್ಲೇ ನೆಟ್ಟ ಐವಿ ಕೆಲವೇ ವರ್ಷಗಳಲ್ಲಿ ದುಂಡಗೆ, ಮಿರಮಿರನೆ ಬೆಳೆಯಿತು. ಗೋಡೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅಷ್ಟರಲ್ಲಿ ಊರಿನ ತೋಟದ ಸ್ಪರ್ಧೆ ಬಂತು. ಕೈಗೆ ಕತ್ತರಿ ಸಿಕ್ಕ ಮೇಲೆ ಪೊದೆಯನ್ನು ಅದರ ಪಾಡಿಗೆ ಬಿಟ್ಟ ಗಂಡಸು ಆ ಊರಲ್ಲಿ ಹುಟ್ಟಿಲ್ಲ. ಹೊರೇಸ್ ಅದನ್ನು ಚೆಂಡು ಮಾಡಹೊರಟ. ಎಡಗಡೆ ಉಬ್ಬಿದೆಯೆಂದು ಎಡಗಡೆ ಕತ್ತರಿಸಿದ. ಆಗ ಬಲಗಡೆ ಉಬ್ಬಿತು. ಪೊದೆ ಕುಂಬಳಕಾಯಿಯಾಗಿ, ಕಿತ್ತಳೆಯಾಗಿ, ಕೊನೆಗೆ ಮೋಟು ಕಾಂಡವಾಗಿ ನಿಂತಿತು.

ಬುಡದವರೆಗೆ ಕತ್ತರಿಸಿದ್ದೇ ತಡ, ಮುದಿ ಐವಿಗೆ ಯೌವನ ಮರಳಿತು! ಬುಡದಿಂದ ಎಳೆ ಬಳ್ಳಿಯೊಂದು ಎದ್ದು ಶೆಡ್ಡಿನ ಹಲಗೆಯ ಮೇಲೆ ಕೈಯಿಟ್ಟಿತು. ಮೇವಿಸ್ ಭಜನೆಗೆಂದು ಚರ್ಚಿಗೆ ಹೋದಾಗ ಹೊರೇಸ್ ಗುಟ್ಟಾಗಿ ಅದನ್ನು ಕತ್ತರಿಸಿದ. ಒಂದರ ಜಾಗದಲ್ಲಿ ಒಂದು ಹಿಂಡು ಬಂತು. ಮತ್ತೆ ಕತ್ತರಿಸಿದ; ಅವು ನೆಂಟರಿಷ್ಟರನ್ನೆಲ್ಲ ಕರೆತಂದವು.

ಬೇಸಿಗೆಯೆಲ್ಲ ತಂಗಿಯ ಮನೆಯಲ್ಲಿದ್ದ ಮೇವಿಸ್ ಮರಳಿದಾಗ ಹಿತ್ತಲಲ್ಲಿ ಶೆಡ್ಡೇ ಇರಲಿಲ್ಲ. ಹಸಿರು ಗುಡ್ಡವೊಂದಿತ್ತು, ಅದರೊಳಗಿಂದ ಕ್ರಿಕೆಟ್ ವರದಿ ಕೇಳಿಸುತ್ತಿತ್ತು.

“ಹೊರೇಸ್, ಐವಿ ಹತ್ತಿದೆ.”

ಎಲೆಗಳ ನಡುವಿನಿಂದ ಒಂದು ಮೂಗು ಹೊರಬಂತು. “ಛೆ ಛೆ, ಐವಿ ಇದ್ದಲ್ಲೇ ಇದೆ. ಶೆಡ್ಡೇ ಕೆಳಗೆ ಕುಸೀತಾ ಇದೆ.”

“ಅಯ್ಯೋ ಪಾಪ,” ಎಂದು ಮೇವಿಸ್ ತೋಳು ಮಡಚಿದಳು. “ಹಾಗಾದ್ರೆ ಪೂರ್ತಿ ಮುಳುಗೋಕೆ ಮುಂಚೆ ನಿನ್ನ ಕುರ್ಚಿ ಹೊರಗೆ ತಗೊಂಡು ಬಾ. ನನ್ನ ಚಕ್ರಕ್ಕೆ ಈಜು ಬರುತ್ತೆ.”